ನಾಟಕದವಳ ಹೊಟ್ಟೆನೋವು

ಹೆಂಗಸರ ಜೈಲಿನ ಹೆಡ್ ವಾರ್ಡರ್‌ಗೆ ಜೊತೆಯವರು ಇಟ್ಟ ಅಡ್ಡಹೆಸರು ರೂಲ್‌ಬುಕ್ಕಮ್ಮ. ಅವರು ಗೇಲಿಗೆ ಇಟ್ಟರು, ಈಕೆ ಬಿರುದು ಸಿಕ್ಕವಳಂತೆ ಇಟ್ಟುಕೊಂಡಳು. ಬೆಳಿಗ್ಗೆ ತಲೆ ಎಣಿಕೆ ಮುಗಿದೊಡನೆ ಪ್ರತಿ ಬ್ಯಾರಕ್ಕಿನ ಬಾಗಿಲಲ್ಲಿ ನಿಂತು "ಯಾರಿಗಾದ್ರೂ ಮೈ ಸರಿಯಿಲ್ವಾ?" ಎಂದು ಕೇಳುವುದು, ಅವರು ಹೇಳಿದ್ದನ್ನು ಅವರದೇ ಮಾತಿನಲ್ಲಿ ರಿಜಿಸ್ಟರಿಗೆ ಇಳಿಸುವುದು ಇಪ್ಪತ್ತಾರು ವರ್ಷದ ರೂಢಿ. ಕಾಯಿಲೆ ನಿಜವೋ ಸುಳ್ಳೋ ಹೇಳಬೇಕಾದವರು ಡಾಕ್ಟರು, ಬೀಗದ ಕೈ ಹಿಡಿದವರಲ್ಲ. ಹೊಸಬರ ಕಿವಿ ತೂತಾಗುವಷ್ಟು ಸಲ ಇದನ್ನು ಹೇಳಿದ್ದಳು.

ಆ ಶನಿವಾರ ಹೊಟ್ಟೆ ಹಿಡಿದುಕೊಂಡು ಕೂತಿದ್ದವಳು ಮೂರನೇ ಬ್ಯಾರಕ್ಕಿನಲ್ಲಿ 'ನಾಟಕದವಳು' ಎಂದೇ ಹೆಸರಾಗಿದ್ದ ಕೈದಿ. ಆ ವರ್ಷವೇ ಮೂರು ಸಲ ಆಸ್ಪತ್ರೆಗೆ ಹೋಗಿ, ಏನೂ ಇಲ್ಲವೆಂದು ಬರೆಸಿಕೊಂಡು, ದಾರಿಯಲ್ಲಿ ಊರು ನೋಡಿ ಬಂದಿದ್ದ ಗಟ್ಟಿಗಿತ್ತಿ. ಇವಳ ಬಣ್ಣ ನನಗೆ ಗೊತ್ತಿಲ್ಲವೇ ಎಂದು ಒಳಗೊಳಗೇ ಬೈದುಕೊಂಡೇ ರೂಲ್‌ಬುಕ್ಕಮ್ಮ ಬರೆದಳು: "ಬಲಗಡೆ ಚುಚ್ಚುತ್ತೆ, ಕುಡಿದ ನೀರೂ ನಿಲ್ತಿಲ್ಲ."

ಜೈಲಿನ ಡಾಕ್ಟರು ರಜೆಯಲ್ಲಿದ್ದರು. ಇವಳನ್ನು ಆಸ್ಪತ್ರೆಗೆ ಕಳಿಸಬೇಕೆಂದು ಆಕೆ ರಿಜಿಸ್ಟರ್ ಹಿಡಿದು ಹೋದಾಗ ಜೈಲರ್ ಸಾಹೇಬರು ತಲೆಯನ್ನೇ ಎತ್ತಲಿಲ್ಲ. "ಸೋಮವಾರ ಡಾಕ್ಟ್ರು ಬಂದು ನೋಡ್ತಾರೆ ಬಿಡಿ. ಅವಳಿಗೋಸ್ಕರ ಗಾಡಿ, ಕಾವಲಿಗೆ ಪೊಲೀಸ್ರು, ಎಲ್ಲಿಂದ ತರ್ಲಿ?"

ಆಕೆ ರಿಜಿಸ್ಟರನ್ನು ಅವರ ಕಡೆ ತಿರುಗಿಸಿಟ್ಟಳು. "ಹಾಗಿದ್ರೆ ಇದರ ಕೆಳಗೆ 'ಕಳಿಸೋದು ಬೇಡ' ಅಂತ ಬರೆದು ಸಹಿ ಹಾಕಿ ಸಾರ್. ಟೈಮೂ ಹಾಕಿ."

"ನಂಗೇ ಕಾನೂನು ಹೇಳ್ತೀರಾ? ನಾಳೆಯಿಂದ ಬಿಸಿಲಲ್ಲಿ ಗೇಟ್ ಡ್ಯೂಟಿ ಬೇಕಾ?"

"ಹಾಕಿ ಸಾರ್, ಮಾಡ್ತೀನಿ. ಮೊದಲು ಇದಕ್ಕೆ ಸಹಿ ಹಾಕಿ."

ಪೆನ್ನು ಸಾಹೇಬರ ಕೈಗೆ ಬಂತು, ಕಾಗದಕ್ಕೆ ಇಳಿಯಲಿಲ್ಲ. ಹತ್ತು ನಿಮಿಷದಲ್ಲಿ ಗಾಡಿ ಬಂತು.

ಅಪೆಂಡಿಕ್ಸ್ ಒಡೆಯುವುದರಲ್ಲಿತ್ತು. ಸೋಮವಾರದವರೆಗೆ ಕಾದಿದ್ದರೆ ಹೆಣ ಒಯ್ಯಬೇಕಾಗುತ್ತಿತ್ತು ಎಂದು ಆಪರೇಷನ್ ಮಾಡಿದ ಡಾಕ್ಟರು ಹೇಳಿದರು.

ಎರಡು ದಿನದ ಮೇಲೆ ಆಸ್ಪತ್ರೆಯ ಮಂಚದಲ್ಲಿ ನಾಟಕದವಳು ಆಕೆಯ ಕೈ ಹಿಡಿದುಕೊಂಡಳು. "ಯಾರೂ ನನ್ನ ನಂಬ್ಲಿಲ್ಲ ಅಮ್ಮಾ. ನೀವೊಬ್ರೇ ನಂಬಿದ್ರಿ."

ಹೌದೆಂದುಬಿಡಬಹುದಿತ್ತು. ಆದರೆ ಸುಳ್ಳು ಹೆಮ್ಮೆ ಆಕೆಗೆ ಬೇಕಿರಲಿಲ್ಲ, ನಿಜವಾದದ್ದೇ ಎದೆ ತುಂಬ ಇತ್ತು.

"ನಾನೂ ನಂಬಿರ್ಲಿಲ್ಲ ಕಣೇ. ನಾಟಕ ಅಂದ್ಕೊಂಡೇ ಬರೆದೆ."

ಅವಳು ಹೊಲಿಗೆಯ ಮೇಲೆ ಕೈಯಿಟ್ಟುಕೊಂಡು ತುಸು ಯೋಚಿಸಿದಳು. "ಹಾಗಾದ್ರೆ ಇನ್ನೊಂದ್ಸಲ ನಾಟಕ ಆಡಿದ್ರೂ ಬರೀತೀರಾ?"

"ಬರೀತೀನಿ," ಎಂದಳು ರೂಲ್‌ಬುಕ್ಕಮ್ಮ. "ಬರೆದಾದ್ಮೇಲೆ ಚೆನ್ನಾಗಿ ಬೈತೀನಿ."