ಎಂಜಿನ್ನಿನ ಹಾರ್ನು ಬಂದ್ ಮಾಡಿದೆ

ಮಧ್ಯಾಹ್ನ ಮೂರು ಗಂಟೆ. ಆಗಷ್ಟೇ ಕಣ್ಣು ಹತ್ತಿತ್ತು ಸ್ನೇಹಿತರೇ, ‘ಕೂಂ’ ಎಂದಿತು ನಮ್ಮವರ ಮಾಡೆಲ್ ರೈಲು. ಮಗಳು ಅದರ ರಿಮೋಟಿನ ಬಟನ್ ಒತ್ತಿದ್ದಳು. ರಾತ್ರಿಯೂ ನಿದ್ದೆಯಿಲ್ಲದ ನನಗೆ ತಲೆ ಕೆಟ್ಟಿತು.

ಆ ಪುಟ್ಟ ಎಂಜಿನ್ನುಗಳೊಳಗೆ ಡಿಕೋಡರ್ ಎಂಬ ಚಿಪ್ ಇದೆ. ಹಾರ್ನು ಎಷ್ಟು ಜೋರಿರಬೇಕೆಂದು ಅದೇ ರಿಮೋಟಿನಿಂದ ಅದಕ್ಕೊಂದು ಸಂಖ್ಯೆ ಬರೆಯಬೇಕು. ನಮ್ಮವರು ಮಾಡುವುದನ್ನು ನೋಡಿದ್ದೆ, ಸೊನ್ನೆ ಬರೆದೆ. ಒಂದೊಂದೇ ಎಂಜಿನ್ನನ್ನು ಬೇರೆ ತುಂಡು ಹಳಿಯ ಮೇಲಿಟ್ಟು ಬರೆಯಬೇಕಿತ್ತು. ನಾನು ಎಲ್ಲವೂ ನಿಂತಿದ್ದ ದೊಡ್ಡ ಹಳಿಯಲ್ಲೇ ಬರೆದುಬಿಟ್ಟೆ. ಎಲ್ಲವೂ ಒಟ್ಟಿಗೇ ಮೂಕವಾದವು.

ಬೆಳಂಬಾರದಿಂದ ಬಂದಿರುವ ಅತ್ತೆ ಅಡುಗೆಮನೆಯಿಂದ ಓಡಿ ಬಂದರು. “ಎಂತಾ ಮಾಡ್ದೆ ಮಾರಾಯ್ತಿ! ಕೂಸು ಬಾಯಿ ಬಿಡೂದೇ ಆ ಗಾಡಿ ಕೂಗ್ದಾಗ. ನಿಂಗೆ ನಿದ್ದೆ ದೊಡ್ಡದಾಯ್ತಾ?”

ಹೌದು. ಎರಡೂವರೆ ವರ್ಷವಾದರೂ ಮಗಳು ಮಾತಾಡುವುದಿಲ್ಲ. ಆ ಹಾರ್ನಿಗೆ ಮಾತ್ರ ‘ಕೂ’ ಎಂದು ಉತ್ತರ ಕೊಡುತ್ತಾಳೆ. ನಾಳೆ ಬೆಳಿಗ್ಗೆ ಎಂಜಿನ್ನನ್ನೂ ತುಂಡು ಹಳಿಯನ್ನೂ ಕಾರವಾರಕ್ಕೆ ಒಯ್ದು ಅದೊಂದು ‘ಕೂ’ವನ್ನು ಡಾಕ್ಟರಿಗೆ ಕೇಳಿಸಬೇಕಿತ್ತು.

ಫೋನಿನಲ್ಲಿ ಬೇರೆ ಹಾರ್ನು ಹಾಕಿದೆ, ಮುಖ ತಿರುಗಿಸಿದಳು. ಬಟನ್ ಒತ್ತುತ್ತಾಳೆ, ಎಂಜಿನ್ನಿಗೆ ಕಿವಿ ಹಚ್ಚಿ ಕಾಯುತ್ತಾಳೆ, ನನ್ನ ಮುಖ ನೋಡುತ್ತಾಳೆ. ಏನೇನೋ ಸಂಖ್ಯೆ ಬರೆದು ನೋಡಿದೆ. ಸೊನ್ನೆಯನ್ನು ತಪ್ಪು ಜಾಗಕ್ಕೆ ಬರೆದೆನೋ ಏನೋ, ಸದ್ದಿಲ್ಲ. ನಮ್ಮವರಿಗೆ ಮಲ್ಲಾಪುರದ ಹತ್ತಿರದ ಅಣುಸ್ಥಾವರದಲ್ಲಿ ಮಧ್ಯಾಹ್ನದ ಶಿಫ್ಟಿನ ಬೆನ್ನಿಗೇ ನೈಟ್ ಶಿಫ್ಟು, ಒಳಗೆ ಫೋನು ಒಯ್ಯುವ ಹಾಗಿಲ್ಲ; ಬರುವುದು ನಾವು ಹೊರಟ ಮೇಲೆಯೇ.

ನಾನು ಬಯಸಿದ ನಿಶ್ಶಬ್ದ ಈಗ ಮನೆ ತುಂಬ ಇದೆ, ನಿದ್ದೆಯೊಂದೇ ಬಂದಿಲ್ಲ. ಡಿಕೋಡರ್ ಗೊತ್ತಿರುವವರು ದಯವಿಟ್ಟು ಬೆಳಗಾಗುವುದರೊಳಗೆ ಫೋನ್ ಮಾಡಿ. ಎಷ್ಟು ಹೊತ್ತಿಗಾದರೂ ಸರಿ, ನಾನು ಎದ್ದೇ ಇರುತ್ತೇನೆ.