ಹೊಸ ಕೀಲಿನ ಖಾರ

ಮದುವೆ ಮನೆಗಳಲ್ಲಿ ಅಡುಗೆ ಮಾಡುವುದು ನನ್ನ ಕೆಲಸ. ಹೊಸನಗರದ ಸುತ್ತಮುತ್ತ ಎಲ್ಲಿ ಮದುವೆ, ಗೃಹಪ್ರವೇಶ ನಡೆದರೂ ಒಲೆಯ ಮುಂದೆ ಹೆಚ್ಚಾಗಿ ನಾನೇ ಇರುತ್ತೇನೆ. ಹೀಗೆ ನಿಂತೂ ನಿಂತೂ ನನ್ನ ಬಲ ಸೊಂಟದ ಕೀಲು ಸವೆದುಹೋಯಿತು. ಕೊನೆಕೊನೆಗೆ ನಾನು ಕುಂಟುತ್ತ ಬರುವ ಸದ್ದು ಕೇಳಿದರೆ ಸಾಕು, ನನ್ನ ಕೈಕೆಳಗಿನ ಅಡುಗೆಯವರು ಮೊಬೈಲು ಜೇಬಿಗಿಟ್ಟು ತರಕಾರಿ ಹೆಚ್ಚತೊಡಗುತ್ತಿದ್ದರು.

ಕಳೆದ ವರ್ಷ ಶಿವಮೊಗ್ಗದ ಒಂದು ಆಸ್ಪತ್ರೆಯಲ್ಲಿ ಕೀಲು ಬದಲಿಸಿಕೊಂಡೆ. ಮಾರನೆಯ ದಿನವೇ ಫಿಸಿಯೋಥೆರಪಿಯ ಹುಡುಗಿ ವಾಕರ್ ತಂದು ಮಂಚದ ಪಕ್ಕ ನಿಲ್ಲಿಸಿದಳು. ತೀರ್ಥಹಳ್ಳಿ ಕಡೆಯವಳು ಎಂದು ಮಾತಿನಲ್ಲೇ ಗೊತ್ತಾಗುತ್ತಿತ್ತು.

"ಅಂಕಲ್, ಸೊನ್ನೆ ಅಂದ್ರೆ ನೋವು ಇಲ್ವೇ ಇಲ್ಲ. ಹತ್ತು ಅಂದ್ರೆ ತಡ್ಕಳಕ್ಕೇ ಆಗಲ್ಲ. ಈಗ ನಿಮ್ದು ಎಷ್ಟು?"

ನಾನು ಯೋಚಿಸಿದೆ. ಊರಿಗೆಲ್ಲ ಊಟ ಹಾಕುವಾಗಲೂ ಉಪ್ಪನ್ನು ಅಳೆದು ಹಾಕದವನು ನಾನು. "ನಂಬರೆಲ್ಲ ನಂಗೆ ಗೊತ್ತಾಗಲ್ಲ ಮಾರಾಯ್ತಿ. ಮದುವೆ ಸಾಂಬಾರಿನಷ್ಟು ಖಾರ ಇದೆ" ಎಂದೆ.

ಅವಳು ನಕ್ಕಳು. "ಹಂಗಾರೆ ಮಾತ್ರೆ ತಗಂಡು ನಡೀರಿ. ಜಾಸ್ತಿ ಆಗೋ ತನಕ ಕಾಯ್ಬೇಡಿ. ಹಲ್ಲು ಕಚ್ಕೊಂಡು ಮಲಗಿದ್ರೆ ನರಕ್ಕೆ ನೋವೇ ಅಭ್ಯಾಸ ಆಗಿಬಿಡಬಹುದು. ಆಮೇಲೆ ಗಾಯ ಮಾಗಿದ್ರೂ ನೋವು ಹೋಗಲ್ಲ."

ಊಟ ಮುಗಿದರೂ ಎದ್ದು ಹೋಗದ ನೆಂಟರನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಆದ್ದರಿಂದ ಅವಳ ಮಾತು ಚೆನ್ನಾಗಿ ಅರ್ಥವಾಯಿತು.

ಮನೆಗೆ ಬಂದ ಮೇಲೆ ನೋಡಲು ಬರುವವರ ಸಾಲು ಶುರುವಾಯಿತು. ಎಲ್ಲರ ಕೈಯಲ್ಲೂ ಹಣ್ಣೋ ಬ್ರೆಡ್ಡೋ, ಬಾಯಲ್ಲಿ ಮಾತ್ರ ಒಂದೊಂದು ಭಯಂಕರ ಕಥೆ. ಕಾರ್ಗಲ್‌ನಿಂದ ಬಂದ ನನ್ನ ಭಾವ ಸೇಬು ಕೈಗಿಟ್ಟು, "ನಮ್ ಕ್ವಾರ್ಟರ್ಸಲ್ಲಿ ಒಬ್ರಿಗೆ ಇದೇ ಆಪರೇಶನ್ ಆಗಿತ್ತು. ಎಷ್ಟೋ ವರ್ಷ ಆತು. ಇವತ್ತಿಗೂ ಏಳೋದು ಅಯ್ಯೋ ಅಂತ, ಕೂರೋದು ಅಯ್ಯೋ ಅಂತ" ಎಂದರು. ಅವರು ಗೇಟು ದಾಟುವ ಮೊದಲೇ ನನ್ನ ಸೊಂಟ ಅಯ್ಯೋ ಅನ್ನತೊಡಗಿತು. ಅಂದು ಸಂಜೆ ನಡೆಯುವುದೇ ಬೇಡವೆಂದು ಮುಸುಕು ಹಾಕಿ ಮಲಗಿಬಿಟ್ಟೆ.

ಇದನ್ನೆಲ್ಲ ನೋಡಿದ ನನ್ನ ಹೆಂಡತಿ ಒಂದು ಉಪಾಯ ಹೂಡಿದಳು. ಮರುದಿನ ಪಕ್ಕದ ಮನೆಯ ನಿವೃತ್ತ ಮೇಷ್ಟ್ರು ಬಂದು, "ನಮ್ ಚಿಕ್ಕಪ್ಪಂಗೂ ಹಿಂಗೇ ಆಗಿತ್ತು" ಎಂದು ಬಾಯಿ ತೆರೆಯುತ್ತಿದ್ದಂತೆ ವಾಕರ್ ತಂದು ನನ್ನ ಮುಂದಿಟ್ಟಳು.

"ಮೇಷ್ಟ್ರೇ, ಇವ್ರು ನಡೀಬೇಕು. ಒಬ್ರೇ ನಡಿಯಕ್ಕೆ ಬೇಜಾರಂತೆ. ಕಥೆನ ನಡಕಂಡೇ ಹೇಳಿ."

ಮೇಷ್ಟ್ರಿಗೆ ಇಲ್ಲವೆನ್ನಲಾಗಲಿಲ್ಲ. ನಾವಿಬ್ಬರೂ ರಸ್ತೆಯ ತುದಿಯವರೆಗೆ ಹೊರಟೆವು. ಮೇಷ್ಟ್ರ ಹೊಟ್ಟೆ ದೊಡ್ಡದು. ಚಿಕ್ಕಪ್ಪ ಆಸ್ಪತ್ರೆಗೆ ಸೇರುವಷ್ಟರಲ್ಲಿ ಹೇಳುವವರಿಗೆ ಏದುಸಿರು ಬಂದು ಕಥೆ ಅಲ್ಲಿಗೇ ನಿಂತಿತು. ಅವರ ಚಿಕ್ಕಪ್ಪನಿಗೆ ಮುಂದೇನಾಯಿತೆಂದು ನನಗೆ ಇವತ್ತಿಗೂ ತಿಳಿಯದು.

ಅಂದಿನಿಂದ ನಮ್ಮ ಮನೆಯಲ್ಲಿ ಅದೇ ನಿಯಮ. ಹೆದರಿಸಲು ಬಂದವರೆಲ್ಲ ನನ್ನ ಜೊತೆ ನಡೆಯಬೇಕು. ಕೆಲವರು ಬರುವುದನ್ನೇ ಬಿಟ್ಟರು. ಮೇಷ್ಟ್ರು ಮಾತ್ರ ದಿನವೂ ಬೆಳಿಗ್ಗೆ ಬೂಟು ಹಾಕಿಕೊಂಡು ಹಾಜರು. ಅವರಿಗೂ ಹಸಿವು ಚೆನ್ನಾಗಿ ಆಗತೊಡಗಿತ್ತಂತೆ, ತಿಂಡಿಗೆ ನಮ್ಮಲ್ಲೇ ಉಳಿಯುತ್ತಿದ್ದರು.

ಹೊಲಿಗೆ ಬಿಚ್ಚಿ ಕೆಲವು ವಾರ ಕಳೆದಿತ್ತು. ಫಿಸಿಯೋಥೆರಪಿಯ ಆ ಹುಡುಗಿ ವಿಚಾರಿಸಲು ಫೋನ್ ಮಾಡಿದಳು.

"ಖಾರ ಹೆಂಗಿದೆ ಅಂಕಲ್?"

"ಖಾರದ ಜಾತಿನೇ ಬದಲಾಗಿದೆ ಕಣಮ್ಮ. ಮುಂಚೆ ಸಾಂಬಾರಿನ ಖಾರ, ಮಾತ್ರೆ ತಗಂಡ್ರೆ ಇಳೀತಿತ್ತು. ಈಗ ತೊಡೆಗೆ ಜೀರಿಗೆ ಮೆಣಸಿನಕಾಯಿ ಅರೆದು ಹಚ್ಚಿದಂಗೆ. ಪಂಚೆ ತಾಗಿದ್ರೂ ಉರಿ."

ಅವಳು ಈ ಸಲ ನಗಲಿಲ್ಲ. "ಯಾವಾಗಿಂದ?"

"ಒಂದು ವಾರ ಆಯ್ತೇನೋ. ಆಪರೇಶನ್ ಅಂದ್ಮೇಲೆ ಇದ್ದಿದ್ದೇ ಅಲ್ವಾ?"

"ಅಲ್ಲ ಅಂಕಲ್. ನಾಳೆನೇ ಬನ್ನಿ, ಡಾಕ್ಟ್ರು ನೋಡ್ಲಿ."

ಬಾಡಿಗೆ ಕಾರಿನಲ್ಲಿ ಹೊರಟೆವು. ದಾರಿಯುದ್ದಕ್ಕೂ ನನಗೆ ಭಾವ ಹೇಳಿದ ಆ ಕ್ವಾರ್ಟರ್ಸಿನ ಮನುಷ್ಯನದೇ ನೆನಪು. ಇನ್ನು ಒಲೆಯ ಮುಂದೆ ನಿಲ್ಲುವುದು ಸಾಧ್ಯವೇ ಇಲ್ಲವೇನೋ ಎಂದು ಮೊದಲ ಸಲ ನಿಜಕ್ಕೂ ಹೆದರಿದೆ. ಹೆಂಡತಿಗೆ ಅದು ತಿಳಿಯಿತೆಂದು ಕಾಣುತ್ತದೆ. ಕಿತ್ತಳೆ ಸುಲಿದು ಒಂದೊಂದೇ ತೊಳೆ ಕೈಗೆ ಕೊಡುತ್ತ ಬಂದಳು.

ಡಾಕ್ಟರು ಗಾಯ ಒತ್ತಿ ನೋಡಿದರು, ಹತ್ತಿಯಿಂದ ತೊಡೆ ಸವರಿದರು, ಎಕ್ಸ್‌ರೇ ತೆಗೆಸಿ ರಕ್ತ ಪರೀಕ್ಷೆ ಮಾಡಿಸಿದರು. "ಕೀಲು ಗಟ್ಟಿಯಾಗಿ ಕೂತಿದೆ. ಸೋಂಕಿಲ್ಲ. ಇದು ನರದ ನೋವು. ಇದಕ್ಕೆ ಬೇರೆ ಮಾತ್ರೆ. ಬೇಗ ಬಂದಿದ್ದು ಒಳ್ಳೇದಾಯ್ತು, ವರ್ಷಗಟ್ಟಲೆ ಬೇರು ಬಿಡೋಕೆ ಮೊದಲೇ ಹಿಡೀಬಹುದು" ಎಂದರು.

"ಪೂರ್ತಿ ಹೋಗುತ್ತಾ ಡಾಕ್ಟ್ರೇ?" ಎಂದು ನನ್ನ ಹೆಂಡತಿ ಕೇಳಿದಳು.

"ಗ್ಯಾರಂಟಿ ಕೊಡಕ್ಕಾಗಲ್ಲಮ್ಮ. ನಾವು ಮಾತ್ರೆ ನೋಡ್ಕೋತೀವಿ, ಇವರ ನಡಿಗೆ ನೀವು ನೋಡ್ಕೊಳ್ಳಿ."

ಆ ಮಾತ್ರೆಗೆ ತೂಕಡಿಕೆ ವಿಪರೀತ. ಮೇಷ್ಟ್ರು ಜಗಲಿಯಲ್ಲಿ ಕೂತು ರಾಜಕೀಯ ಮಾತಾಡುವಾಗ ನನ್ನ ತಲೆ ತಾನಾಗಿ ಆಡುತ್ತಿತ್ತು. ಇಷ್ಟು ವರ್ಷದ ವಾದದ ನಂತರ ಕೊನೆಗೂ ನಾನು ಅವರ ಪಕ್ಷಕ್ಕೆ ಬಂದೆನೆಂದು ಅವರು ಖುಷಿಯಿಂದ ಊರೆಲ್ಲ ಹೇಳಿಕೊಂಡು ಬಂದರು. ಉರಿ ಮಾತ್ರ ನಿಧಾನವಾಗಿ ಇಳಿಯಿತು. ಇಡೀ ತೊಡೆಯಲ್ಲಿದ್ದದ್ದು ಅಂಗೈಯಗಲಕ್ಕೆ ಬಂತು. ಒಂದು ಬೆಳಿಗ್ಗೆ ಪಂಚೆ ಉಟ್ಟು, ಕಾಫಿ ಕುಡಿದು, ಅರ್ಧ ರಸ್ತೆ ನಡೆದ ಮೇಲೆ ನೆನಪಾಯಿತು: ಇವತ್ತು ಉರಿಯೇ ಇಲ್ಲವಲ್ಲ!

ಈಗಲೂ ಹೊತ್ತುಗಟ್ಟಲೆ ಕೂತು ಎದ್ದರೆ ಸೊಂಟ ಒಮ್ಮೆ ಗೊಣಗುತ್ತದೆ. ನಾಲ್ಕು ಹೆಜ್ಜೆ ಹಾಕಿದರೆ ಸುಮ್ಮನಾಗುತ್ತದೆ. ಅಡುಗೆ ಮತ್ತೆ ಶುರು ಮಾಡಿದ್ದು ಅರಳಸುರಳಿಯ ಒಂದು ಗೃಹಪ್ರವೇಶದಲ್ಲಿ. ಹೆಂಡತಿಯ ಅಪ್ಪಣೆಯಂತೆ ಎತ್ತರದ ಸ್ಟೂಲಿನ ಮೇಲೆ ಕೂತು, ನಡುನಡುವೆ ಎದ್ದು ಓಡಾಡಿಕೊಂಡು ಕೆಲಸ ನಡೆಸಿದೆ. ಆ ಮನೆಯ ಅಜ್ಜಿಗೂ ಮುಂದಿನ ತಿಂಗಳು ಇದೇ ಆಪರೇಶನ್ ಇತ್ತು. ಕೋಲೂರಿಕೊಂಡು ಒಲೆಯ ಹತ್ತಿರ ಬಂದರು.

"ನೋವಾಗುತ್ತಾ?"

"ಆಗುತ್ತಜ್ಜಿ" ಎಂದೆ. "ಆದ್ರೆ ತಡ್ಕಂಡು ಕೂರ್ಬೇಡಿ. ಉರಿ ಬಂದ್ರೆ, ಏನೋ ಸರಿ ಇಲ್ಲ ಅನ್ನಿಸಿದ್ರೆ, ಆಗಲೇ ಬಾಯಿಬಿಟ್ಟು ಹೇಳಿ."

ಅಜ್ಜಿ ಸೌಟಿನಿಂದ ಒಂದು ತೊಟ್ಟು ಪಾಯಸ ಅಂಗೈಗೆ ಹಾಕಿಕೊಂಡು ನೆಕ್ಕಿದರು. "ಹಂಗಾರೆ ಈಗಲೇ ಹೇಳ್ತೀನಿ. ನಿನ್ನ ಪಾಯ್ಸಕ್ಕೆ ಬೆಲ್ಲ ಸಾಲದು."

ನಾನೂ ರುಚಿ ನೋಡಿದೆ. ಅಜ್ಜಿ ಹೇಳಿದ್ದು ನಿಜ. ಸ್ಟೂಲಿನಿಂದ ಇಳಿದು ಬೆಲ್ಲ ಕುಟ್ಟತೊಡಗಿದೆ.