ಕರಡಿಗೆ ಬಹುವಚನ

ಪರದೆ ಹೊಲಿಯುವ ಅಂಗಡಿಯಲ್ಲಿ ಹತ್ತೊಂಬತ್ತು ವರ್ಷ ಮೆಷಿನ್ ತುಳಿದ ಅಕ್ಕನಿಗೆ ಅಲ್ಲಿದ್ದ ಹೆಸರು 'ಏ, ಇವಳೇ'. ಮಾಲೀಕ ಹಾಗೆ ಕೂಗಿದ ಕೂಡಲೇ ಅಕ್ಕ ಪೆಡಲಿನಿಂದ ಕಾಲು ತೆಗೆದು ಎದ್ದು ಹೋಗುತ್ತಿದ್ದರು. ಹೌದು, ಹೋಗುತ್ತಿದ್ದ'ರು'. ಈ ಕಥೆಯಲ್ಲಿ ಅವರಿಗೆ ಬಹುವಚನವೇ. ಕಣ್ಣುರಿ ಬರುವವರು ಪುಟ ತಿರುವಬಹುದು.

ಭಾನುವಾರ ಮಧ್ಯಾಹ್ನ ಮಾತ್ರ ಅಕ್ಕ ಬೇರೆಯೇ ಆಗುತ್ತಿದ್ದರು. ಬೀಗ ರಿಪೇರಿ ಮಾಡುವ ಅವರ ಭಾವ ತಮ್ಮ ಅಂಗಡಿಯ ಮೇಲಿನ ಕೋಣೆಯಲ್ಲಿ ಒಂದು ಆಟ ನಡೆಸುತ್ತಿದ್ದರು. ಕಾಡು, ಕೋಟೆ, ರಾಕ್ಷಸರ ಕಥೆ ಕಟ್ಟುವುದು ಭಾವ. ಉಳಿದವರು ಅದರೊಳಗೆ ಒಂದೊಂದು ಪಾತ್ರವಾಗಿ ಮಾತಾಡಬೇಕು. ಏಟು ಬಿತ್ತೋ ತಪ್ಪಿತೋ ದಾಳ ಹೇಳುತ್ತದೆ. ಬಸ್ ಡ್ರೈವರ್ ವೀರ, ಲೆಕ್ಕದ ಮೇಡಂ ಮಾಂತ್ರಿಕೆ, ಅಕ್ಕ ವೈದ್ಯೆ.

ವೈದ್ಯೆ ಅನ್ನುವುದು ಕಾಗದದ ಮೇಲೆ. ಡ್ರೈವರ್ ಬಾಯಲ್ಲಿ ಅದು "ಏ ಮುಲಾಮು, ಬಾ ಇಲ್ಲಿ, ಹಚ್ಚು". ಆಟಕ್ಕೆ ಸೇರಿದಾಗಿನಿಂದ ಎಂಟು ತಿಂಗಳು ಅಕ್ಕ ತುಟಿಪಿಟಕ್ಕೆನ್ನದೆ ಹಚ್ಚಿದರು.

ಆ ಭಾನುವಾರ ಗುಹೆಯ ಬಾಯಲ್ಲಿ ಮಾತಾಡುವ ಕರಡಿಯೊಂದು ಅಡ್ಡ ನಿಂತಿತು. ಡ್ರೈವರ್ ಗಂಟಲು ಸರಿಮಾಡಿಕೊಂಡ. "ಕರಡಿಯವರೇ, ತಾವು ದಯವಿಟ್ಟು ದಾರಿ ಬಿಡ್ಬೇಕು."

ಕರಡಿ ಬಿಡಲಿಲ್ಲ. ಹೊಡೆದಾಟವಾಯಿತು. ದಾಳ ಯಾರ ಕಡೆಗೂ ಒಲಿಯದೆ ವೀರನಿಗೂ ಕರಡಿಗೂ ಜೀವ ಬಾಯಿಗೆ ಬಂತು.

"ಏ ಮುಲಾಮು, ನಿದ್ದೆ ಮಾಡ್ತಿದೀಯಾ? ಬೇಗ ಹಚ್ಚು!"

ಅಕ್ಕನಿಗೆ ಮೈಯೆಲ್ಲ ಉರಿದುಹೋಯಿತು. ಪರದೆ ಅಂಗಡಿಯ ಕೂಗು ಮೆಟ್ಟಿಲು ಹತ್ತಿ ಇಲ್ಲಿಗೂ ಬಂದಿತ್ತು. ಇಲ್ಲೂ ತಲೆ ಬಗ್ಗಿಸಿದರೆ ತಾನು ತಲೆ ಎತ್ತುವ ಜಾಗ ಎಲ್ಲೂ ಉಳಿಯುವುದಿಲ್ಲ ಎಂದು ಅವರಿಗೆ ಆ ಕ್ಷಣ ಖಚಿತವಾಯಿತು.

"ಹಚ್ಚಲ್ಲ."

"ಹಚ್ಚಲ್ಲ ಅಂದ್ರೆ?"

"ಕರಡಿಗೆ ತಾವು, ನನಗೆ ಏ! ಭಾವ, ನಿಮ್ಮ ಆಟದ ನಿಯಮದ ಪುಸ್ತಕದಲ್ಲಿ ವೈದ್ಯೆ ಬಗ್ಗೆ ಏನು ಬರ್ದಿದೀರಿ, ಸ್ವಲ್ಪ ಗಟ್ಟಿಯಾಗಿ ಓದಿ."

ಭಾವ ಕನ್ನಡಕ ಏರಿಸಿ, ತಾವೇ ಬರೆದು ಮರೆತಿದ್ದ ನಿಯಮ ಓದಿದರು: "ಗಾಯಗೊಂಡವರು ಮರ್ಯಾದೆಯಿಂದ ಕೇಳಿದರೆ ಮಾತ್ರ ವೈದ್ಯೆಯ ಮದ್ದು ಹತ್ತುತ್ತದೆ."

"ಇದು ಆಟ ಕಣೇ!" ಡ್ರೈವರ್ ರೇಗಿದ. "ಮೂರು ವರ್ಷದಿಂದ ಸಾಕಿದ ವೀರ ಸಾಯ್ತಾನೆ!"

"ಸಾಯ್ಲಿ. ಆಟದಲ್ಲೂ ನಿಮ್ಮ ನಾಲಿಗೆ ಹೊರಳಲ್ಲ ಅಂದ್ರೆ ಇನ್ನೆಲ್ಲಿ ಹೊರಳತ್ತೆ?"

ಮೇಡಂ ನಗು ತಡೆಯಲಾರದೆ ಪೆನ್ಸಿಲ್ ಕಚ್ಚಿದರು. ಡ್ರೈವರ್ ಮುಖ ಊದಿಸಿಕೊಂಡು ಕೂತ. ಆಗ ಭಾವ ದನಿ ದಪ್ಪ ಮಾಡಿ, ಕರಡಿಯಾಗಿ ನರಳಿದರು: "ವೈದ್ಯರೇ, ನನಗೂ ತುಂಬಾ ನೋವಾಗ್ತಿದೆ. ನೀವು ಸ್ವಲ್ಪ ನೋಡ್ತೀರಾ?"

ಅಕ್ಕ ಹಿಂದೆಮುಂದೆ ನೋಡದೆ ದಾಳ ಉರುಳಿಸಿದರು. ಮದ್ದು ಹತ್ತಿತು. ಕರಡಿ ಗುಂಡುಕಲ್ಲಿನಂತೆ ಎದ್ದು ನಿಂತು ವೀರನ ಮೇಲೆ ಪಂಜ ಎತ್ತಿತು.

ಡ್ರೈವರ್ ಭಾವನ ಮುಖ ನೋಡಿದ, ಅಕ್ಕನ ಮುಖ ನೋಡಿದ.

"ವೈದ್ಯರೇ... ತಪ್ಪಾಯ್ತು. ನೀವು ನನ್ನನ್ನೂ ಸ್ವಲ್ಪ ನೋಡ್ತೀರಾ?" ಎಂದರು. ಹೌದು, ಎಂದ'ರು'. ಕೊಟ್ಟವರಿಗೆ ಈ ಕಥೆಯಲ್ಲಿ ವಾಪಸ್ ಸಿಗುತ್ತದೆ.

"ನೋಡ್ತೀನಿ, ಕೂತ್ಕೊಳ್ಳಿ," ಅಂದರು ಅಕ್ಕ.

ಸೋಮವಾರ ಬೆಳಿಗ್ಗೆ ಪರದೆಯ ಅಂಚು ಅರ್ಧ ಹೊಲಿದಾಗಿತ್ತು. "ಏ, ಇವಳೇ!" ಎಂದು ಮಾಲೀಕ ಕೂಗಿದ. ಹಳೆಯ ರೂಢಿಗೆ ಅಕ್ಕನ ಕಾಲು ಪೆಡಲ್ ಬಿಡಲು ಹೊರಟಿತು, ಅವರು ಬಿಡಗೊಡಲಿಲ್ಲ. ಅವನು ಇನ್ನೊಮ್ಮೆ ಕೂಗಿದ. ಕೊನೆಗೆ ತಾನೇ ಎದ್ದು ಬಂದ.

"ಕಿವಿ ಕೇಳಲ್ವಾ?"

"ಚೆನ್ನಾಗಿ ಕೇಳತ್ತೆ," ಅಂದರು ಅಕ್ಕ, ಹೊಲಿಗೆಯಿಂದ ಕಣ್ಣು ತೆಗೆಯದೆ. "ಕರಡಿಗೇ ಬರತ್ತೆ ಮರ್ಯಾದೆ. ನಿಮಗೆ ಬರಲ್ವಾ?"

ಯಾವ ಕರಡಿ ಎಂದು ಕೇಳುವ ಧೈರ್ಯ ಅವನಿಗೆ ಬರಲಿಲ್ಲ. ಮೆಷಿನ್ ಓಡುತ್ತಲೇ ಇತ್ತು.